ಖಾಲಾ ಹೇಗೂ ಗೆಲ್ಲುತ್ತಾಳೆ

ಓಟು ಕೇಳಲು ಬಂದವರು ಚಪ್ಪಲಿ ಬಿಟ್ಟು ಅಡುಗೆಮನೆಯವರೆಗೂ ಬರುತ್ತಿದ್ದ ಕಾಲ ಅದು. ನಾನಾಗ ಐದನೇ ಇಯತ್ತೆ. ಅಫಜಲಪುರದಿಂದ ಕರಜಗಿ ಬಸ್ಸು ಹತ್ತಿ ನಡುವೆ ಇಳಿದು ಒಂದು ಮೈಲಿ ನಡೆದರೆ ನಮ್ಮೂರು. ತೊಗರಿ ರಾಶಿ ನಡೆದಿತ್ತು. ಎಲ್ಲರ ಕೂದಲಲ್ಲೂ ತೊಗರಿ ಹೊಟ್ಟು, ಸಂಜೆಯಾದರೆ ಹೊಲದ ಕಡೆಯಿಂದ ಸುಟ್ಟ ಎಳೆಜೋಳದ ಸೀತನಿಯ ವಾಸನೆ. ಆ ಚಳಿಗಾಲದಲ್ಲೇ ಪಂಚಾಯ್ತಿ ಚುನಾವಣೆ ಬಂತು, ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು.

ವಾರ್ಡಿನಲ್ಲಿ ಎರಡು ಓಣಿ. ಒಂದು ಅಗಸಿ ಓಣಿ, ಇನ್ನೊಂದು ನಮ್ಮದು. ಪ್ರತಿ ಸಲವೂ ನಮ್ಮ ಓಣಿಯಿಂದ ಇಬ್ಬರು ನಿಲ್ಲುತ್ತಿದ್ದರು, ಓಟು ಒಡೆಯುತ್ತಿತ್ತು, ಅಗಸಿ ಓಣಿಯವರು ಆರಾಮಾಗಿ ಗೆಲ್ಲುತ್ತಿದ್ದರು. ನಳದ ಪೈಪು ಅವರ ಓಣಿಯ ಕೊನೆಯ ಮನೆಗೆ ಬಂದು ನಿಂತಿತ್ತು. ಈ ಸಲ ಓಣಿಯ ಹಿರಿಯರು ಬೇವಿನ ಕಟ್ಟೆಯ ಮೇಲೆ ಕೂತು ಒಂದು ಮಾತು ಕಟ್ಟಿದರು: ಮೊದಲು ನಮ್ಮೊಳಗೇ ಒಬ್ಬಳನ್ನು ಆರಿಸಬೇಕು, ಸೋತವಳು ಗೆದ್ದವಳ ಬೆನ್ನಿಗೆ ನಿಲ್ಲಬೇಕು.

ಇಬ್ಬರು ಮುಂದೆ ಬಂದರು. ಒಬ್ಬಳು ಕಾಶೀಬಾಯಿ ಅತ್ತಿ, ಅಪ್ಪನ ಸ್ವಂತ ತಂಗಿ, ನಮ್ಮ ಓಣಿಗೇ ಕೊಟ್ಟಿದ್ದರು. ಇನ್ನೊಬ್ಬಳು ಪಕ್ಕದ ಮನೆಯ ಮಾಬೂಬಿ ಖಾಲಾ, ಕೌದಿ ಹೊಲಿಯುವವಳು, ಅವ್ವನ ಜೀವದ ಗೆಳತಿ, ಅದಕ್ಕೇ ನನಗೆ ಖಾಲಾ, ಚಿಕ್ಕವ್ವ. ಮನೆಮನೆಗೆ ತಿರುಗಲು ಇಬ್ಬರಿಗೂ ಎಂಟು ದಿನ ಕೊಟ್ಟರು.

ಅವ್ವ ಎರಡನೇ ಯೋಚನೆಯಿಲ್ಲದೆ ಖಾಲಾನ ಜೊತೆ ಹೊರಟಳು. ಅಪ್ಪ ಕೆಂಡವಾದ.

"ತಂಗಿ ನಿಂತಾಗ ಮಂದಿ ಸಲುವಾಗಿ ತಿರಗ್ತಿ?"

"ಮಾಬೂಬಿ ಮಂದಿ ಅಲ್ಲ," ಅಂದಳು ಅವ್ವ, ಸೆರಗು ಸಿಕ್ಕಿಸಿಕೊಳ್ಳುತ್ತ.

ಅಷ್ಟೇ. ಆಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು. ನಾನು ಅಂಚೆಯವಳಾದೆ. "ನಿಮ್ಮವ್ವಗ ಹೇಳು, ಚಹಾ ಬೇಕು." "ನಿಮ್ಮಪ್ಪಗ ಹೇಳು, ಹಾಲಿಲ್ಲ." ಇಬ್ಬರೂ ಒಂದೇ ಕೋಣೆಯಲ್ಲಿ, ಮೂರು ಮಾರು ದೂರದಲ್ಲಿ. ಮೊದಲೆರಡು ದಿನ ನನಗೆ ನಗು ಬಂತು. ಮೂರನೆಯ ದಿನ ಅಪ್ಪ ಊಟ ಬಿಟ್ಟು ಎದ್ದು ಹೋದಾಗ ಹೆದರಿಕೆ ಶುರುವಾಯಿತು.

ಮಧ್ಯಾಹ್ನವಾದರೆ ಮಾತ್ರ ಎಲ್ಲ ಮರೆಯುತ್ತಿದ್ದೆ. ಸಾಲಿ ಬಿಟ್ಟ ಕೂಡಲೇ ನೋಟ್‌ಬುಕ್ಕು ಹಿಡಿದು ಖಾಲಾನ ಹಿಂದೆ ಓಡುವುದು. ಆಕೆಗೆ ಓದಲು ಬರೆಯಲು ಬರುತ್ತಿರಲಿಲ್ಲ, ಬರೆಯುವ ಕೆಲಸ ನನ್ನದು. ಖಾಲಾ ಯಾರ ಮನೆಯಲ್ಲೂ ಓಟು ಕೊಡಿ ಅಂತ ಬಾಯಿಬಿಟ್ಟು ಕೇಳಿದ್ದನ್ನು ನಾನು ಕಾಣೆ. ಒಳಗೆ ಹೋಗಿ ಆ ಮನೆಯವಳು ಏನು ಮಾಡುತ್ತಿದ್ದಳೋ ಅದಕ್ಕೇ ಕೈ ಹಚ್ಚುತ್ತಿದ್ದಳು. ಬೀಸುಕಲ್ಲಿನ ಮುಂದೆ ಕೂತಿದ್ದರೆ ಎದುರು ಕೂತು ಗೂಟ ಹಿಡಿಯುವಳು, ಶೇಂಗಾ ಹಿಂಡಿ ಕುಟ್ಟುತ್ತಿದ್ದರೆ ಒನಕೆ ಇಸಿದುಕೊಳ್ಳುವಳು, ಕೌದಿ ಹರವಿದ್ದರಂತೂ ಕೇಳುವುದೇ ಬೇಡ, ಸೂಜಿ ಆಕೆಯ ಕೈಗೇ.

"ಕೇಳಾಕ ಬಂದಾಕಿ ಕೈ ಕಟಗೊಂಡು ಕುಂದ್ರಬಾರ್ದು ಬೇಟಾ," ಅನ್ನುತ್ತಿದ್ದಳು. "ಕೈ ಕೆಲಸದಾಗ ಇದ್ರ ಬಾಯಿ ಖರೇ ಮಾತಾಡ್ತೈತಿ."

ನಿಜವಾಗಿಯೂ ಹಾಗೇ ಆಗುತ್ತಿತ್ತು. ಅರ್ಧ ಸೇರು ಬೇಳೆ ಒಡೆಯುವಷ್ಟರಲ್ಲಿ ಆ ಹೆಂಗಸಿನ ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುತ್ತಿತ್ತು. ನಾನು ಬರೆದುಕೊಳ್ಳುತ್ತಿದ್ದೆ. ಗುಂಡವ್ವ: ನಳ. ನಬೀಸಾ: ಗಂಡ ತೀರಿದ ಮೇಲೆ ಪಿಂಚಣಿ ಬಂದಿಲ್ಲ. ಶರಣಮ್ಮ: ಹೆಣ್ಮಕ್ಕಳು ಬಯಲಕಡೆಗೆ ಹೋಗುವ ಜಾಗಕ್ಕೆ ಗೋಡೆ. ಬರೆದು ಮುಗಿಸಿದರೆ ಉಂಡಿಗೋ ಒಂದು ಹಿಡಿ ಚುರಮುರಿ ಸುಸಲಾಗೋ ಮೋಸವಿರಲಿಲ್ಲ. ಅಷ್ಟು ಮನೆಯ ಅಷ್ಟು ರುಚಿ ನಾನು ಮತ್ತೆಂದೂ ಉಂಡಿಲ್ಲ. ಆ ಎಂಟು ದಿನ ನಮ್ಮ ಓಣಿಯ ಹೆಂಗಸರು ಒಬ್ಬರ ಮನೆಗೊಬ್ಬರು ಹೋದಷ್ಟು ಮದುವೆ ಹಂಗಾಮಿನಲ್ಲೂ ಹೋಗಿರಲಿಕ್ಕಿಲ್ಲ.

ಏಳನೆಯ ದಿನ ಖಾಲಾನ ಅಂಗಳದಲ್ಲಿ ಕೂತು ಕೇಳಿದೆ, "ಖಾಲಾ, ನಿನ್ನ ಮನಿಗೆ ಏನ್ ಬರೀಲಿ?"

ಆಕೆ ಎಲೆ ಅಡಿಕೆ ಬಾಯಿಗಿಡುತ್ತಿದ್ದವಳು ನಿಲ್ಲಿಸಿದಳು. "ನನಗೇನ್ ಬ್ಯಾಡ. ಒಮ್ಮೆ ಪಂಚಾಯ್ತಿ ಕುರ್ಚಿ ಮ್ಯಾಲ ಕುಂತು, ಈ ಬುಕ್ಕನ್ಯಾಗ ಇದ್ದದ್ದೆಲ್ಲಾ ಅವ್ರ ಮುಂದ ಓದಸ್ಬೇಕು. ಓದಾಕ ನೀನ ಬರಬೇಕು ಮತ್ತ."

ನಾನು ಹೂಂ ಅಂದೆ. ಹೊಸ ಲಂಗ ಹಾಕಿಕೊಂಡು ಪಂಚಾಯ್ತಿಯಲ್ಲಿ ನಿಂತು ಓದುವುದನ್ನು ನೆನೆದೇ ಅವತ್ತು ನನಗೆ ಹೊಟ್ಟೆ ತುಂಬಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ಕಟ್ಟೆಯ ಹಿಂದೆ ಹಗ್ಗದ ಹೊರಸು ನಿಲ್ಲಿಸಿ, ಅದರ ಮೇಲೆ ಕೌದಿ ಹೊದಿಸಿ, ಮರೆಯಲ್ಲಿ ಎರಡು ಗಡಿಗೆ ಇಟ್ಟರು. ಸುಣ್ಣ ಬಳಿದದ್ದು ಖಾಲಾನದು, ಅರಿಶಿನ ಬಳಿದದ್ದು ಅತ್ತಿಯದು. ಮನೆಗೊಂದು ಹುಣಸೆ ಬೀಜ. ಯಾರ ಪರವಾಗಿ ಯಾರು ತಿರುಗಿದ್ದರೋ ಅವರು ಗಡಿಗೆಯ ಹತ್ತಿರ ಹೋಗುವಂತಿಲ್ಲ, ಅವರ ಮನೆಯ ಬೇರೆ ಹೆಣ್ಣುಮಗಳು ಹೋಗಬೇಕು. ನಮ್ಮ ಮನೆಯಲ್ಲಿ ಉಳಿದ ಹೆಣ್ಣುಮಗಳು ಅಂದರೆ ನಾನೊಬ್ಬಳೇ. ನಾನು ಬುಕ್ಕು ಹಿಡಿದು ತಿರುಗಿದ್ದನ್ನು ಸಣ್ಣವಳೆಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವ್ವ ನನ್ನ ಅಂಗೈಯಲ್ಲಿ ಬೀಜ ಇಟ್ಟು ಬೆರಳು ಮಡಿಚಿದಳು. ಯಾವ ಗಡಿಗೆಗೆ ಅಂತ ಹೇಳುವ ಅಗತ್ಯ ಆಕೆಗೆ ಕಾಣಲಿಲ್ಲ.

ಮರೆಗೆ ಹೋಗುವಾಗ ಅಪ್ಪ ಕಂಡ. ಗುಂಪಿನಿಂದ ದೂರ, ಒಬ್ಬನೇ, ಗಡ್ಡ ಬೆಳೆದ ಮುಖ. ನನ್ನನ್ನು ನೋಡಿ ನಗಲು ಹೋಗಿ ಬಿಟ್ಟ. ಒಳಗೆ ನಿಂತು ಲೆಕ್ಕ ಹಾಕಿದೆ. ಓಣಿಯೆಲ್ಲ ಖಾಲಾನನ್ನೇ ಹೊಗಳುತ್ತಿದೆ. ಖಾಲಾ ಹೇಗೂ ಗೆಲ್ಲುತ್ತಾಳೆ. ನಮ್ಮದೊಂದು ಬೀಜ ಅತ್ತಿಗೆ ಬಿದ್ದರೆ ಏನಾಗುತ್ತದೆ? ಅಪ್ಪನಿಗೆ ಗುಟ್ಟಾಗಿ ಹೇಳಬಹುದು, ಅವನು ಊಟ ಮಾಡುತ್ತಾನೆ, ಮನೆ ಮೊದಲಿನಂತಾಗುತ್ತದೆ.

ಅರಿಶಿನದ ಗಡಿಗೆಗೆ ಹಾಕಿ ಹೊರಗೆ ಬಂದೆ.

ಎಣಿಸಿದಾಗ ಅತ್ತಿಗೆ ಹದಿನಾರು, ಖಾಲಾನಿಗೆ ಹದಿನೈದು.

ಅವ್ವ ಎರಡೆರಡು ಸಲ ಎಣಿಸಲು ಹೇಳಿದಳು. ಬೀಜ ಅಷ್ಟೇ ಇದ್ದವು. ಖಾಲಾ ನಗುತ್ತಲೇ ಇದ್ದಳು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ನಾನು ಮನೆಗೆ ಓಡಿಹೋಗಿ ಕಣಜದ ಹಿಂದೆ ಕೂತು ಅತ್ತೆ. ಅಪ್ಪನಿಗೆ ಗುಟ್ಟು ಹೇಳುವ ಮನಸ್ಸೇ ಆಗಲಿಲ್ಲ. ಅವನು ಅವತ್ತು ಉಂಡ, ಅವ್ವ ಉಣ್ಣಲಿಲ್ಲ.

ಮರುದಿನ ಮುಂಜಾನೆ ಬಾಗಿಲಲ್ಲಿ ಖಾಲಾ. "ಏಳು ಬೇಟಾ, ಬುಕ್ ತಗೋ."

ನೆಟ್ಟಗೆ ಅತ್ತಿಯ ಮನೆಗೆ ಕರೆದೊಯ್ದಳು. "ಕಾಶೀಬಾಯಿ, ಇದರಾಗ ಓಣ್ಯಾಗಿನ ಎಲ್ಲಾರ ತ್ರಾಸು ಬರದೇವ್ರಿ. ಇನ್ನ ಇದು ನಿಮ್ದು," ಅಂದಳು. ಅತ್ತಿ ಒಳಗೆ ಹೋಗಿ ಬೆಲ್ಲ ನೀರು ತಂದಳು. ಅವತ್ತಿನಿಂದ ಖಾಲಾ ಅವೇ ಮನೆಗಳಿಗೆ, ಅದೇ ಬೀಸುಕಲ್ಲಿನ ಮುಂದೆ, ಅತ್ತಿಯ ಸಲುವಾಗಿ ಹೋಗಿ ಕೂತಳು. ಅವ್ವನೂ ಹೋದಳು, ಮುಖ ಗಂಟು ಹಾಕಿಕೊಂಡೇ.

ಒಂದು ಮಧ್ಯಾಹ್ನ ಗುಂಡವ್ವನ ಮನೆಯಲ್ಲಿ ಖಾಲಾ ರೊಟ್ಟಿ ಬಡಿಯುತ್ತಿದ್ದಳು. ಗುಂಡವ್ವ ನೀರಿಗೆ ಹೋಗಿದ್ದಳು. ನನಗೆ ತಡೆಯಲಾಗಲಿಲ್ಲ.

"ಖಾಲಾ, ನಮ್ಮನಿ ಬೀಜ ನಾ ಅತ್ತಿ ಗಡಿಗ್ಯಾಗ ಹಾಕ್ದೆ."

ಬಡಿಯುವ ಸದ್ದು ನಿಂತಿತು. "ನಿಮ್ಮಪ್ಪ ಹಾಕಂದ್ನಾ?"

"ಇಲ್ಲ. ನೀ ಹೆಂಗೂ ಗೆಲ್ತಿ ಅಂದ್ಕೊಂಡೆ."

ಖಾಲಾ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ತುಂಬಿ ಬಂದವು, ಹಿಟ್ಟಿನ ಕೈಯಿಂದ ಒರೆಸಿಕೊಳ್ಳಲಾಗದೆ ಭುಜಕ್ಕೆ ಉಜ್ಜಿಕೊಂಡಳು. "ಇನ್ನೂ ಎಷ್ಟ ಮಂದಿ ಹಂಗ ಅಂದ್ಕೊಂಡಿದ್ರೋ ಯಾಂವ ಬಲ್ಲ," ಅಂದಳು. ಹೆಂಚಿನ ಮೇಲಿನ ರೊಟ್ಟಿ ಮಗುಚಿ, "ನಿಮ್ಮವ್ವಗ ಹೇಳಬ್ಯಾಡ. ಆಕಿ ನಿನ್ನ ಕೊಂದ ಹಾಕ್ತಾಳ," ಅಂದು ಬಿಸಿ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟಳು.

ಅತ್ತಿ ಗೆದ್ದಳು. ಬೇಸಿಗೆಗೆ ನಳ ಬಂತು, ಸುಳ್ಳು ಹೇಳಬಾರದು. ಆದರೆ ಪಂಚಾಯ್ತಿಗೆ ಹೋಗಿ ಬಂದದ್ದು ಅತ್ತಿಯ ಗಂಡ, ನಮ್ಮ ಮಾವ. ಅತ್ತಿ ಮನೆಯಲ್ಲೇ ಸಹಿ ಹಾಕಿ ಕಳಿಸುತ್ತಿದ್ದಳು. ನಬೀಸಾಳ ಪಿಂಚಣಿಯನ್ನು, ಶರಣಮ್ಮನ ಗೋಡೆಯನ್ನು ಅಲ್ಲಿ ಯಾರೂ ಓದಲಿಲ್ಲ. ಖಾಲಾ ಮತ್ತೆಂದೂ ನಿಲ್ಲಲಿಲ್ಲ. ಮಗಳ ಜೊತೆ ಸೊಲ್ಲಾಪುರಕ್ಕೆ ಹೋದಳು, ಅಲ್ಲೇ ಮಣ್ಣಾದಳು.

ನಾನೀಗ ಅಫಜಲಪುರದಲ್ಲಿದ್ದೇನೆ. ಕಳೆದ ಚುನಾವಣೆಯಲ್ಲಿ ಫೋನು ದಿನಕ್ಕೆ ಇಪ್ಪತ್ತು ಸಲ ಕೂಗಿತು, ಎಲ್ಲ ಅಭ್ಯರ್ಥಿಗಳೂ ಅದರೊಳಗೆ ಕೈಮುಗಿದರು. ಒಬ್ಬರ ಕಡೆಯ ಹುಡುಗರು ಮನೆಗೂ ಬಂದರು. ಗೇಟಿನಾಚೆಯಿಂದಲೇ ಎಷ್ಟು ಓಟು ಅಂತ ಕೇಳಿ ಬರೆದುಕೊಂಡರು. "ಒಳಗ ಬರ್ರಿ, ಚಹಾ ಕುಡದ ಹೋಗ್ರಿ," ಅಂದೆ. "ಇನ್ನೂ ಭಾಳ ಮನಿ ಅದಾವ್ರಿ ಅಕ್ಕಾರ," ಅಂದು ಬೈಕು ತಿರುಗಿಸಿದರು. ನಾನು ಶೇಂಗಾ ಸುಲಿಯುತ್ತಿದ್ದೆ. ಯಾರಾದರೂ ಎದುರು ಕೂತು ನಾಲ್ಕು ಕಾಯಿ ಸುಲಿದಿದ್ದರೆ ಹೇಳಬೇಕಾದದ್ದು ನನ್ನ ಹತ್ತಿರವೂ ಬೇಕಾದಷ್ಟಿತ್ತು.

ಅವ್ವ ಇವತ್ತಿಗೂ ನೆನಪು ಮಾಡಿಕೊಂಡು ಕೇಳುತ್ತಾಳೆ, "ಆ ಒಂದು ಬೀಜ ಯಾರ ಮನೀದಿರಬೇಕು?" ನಾನು ಚಹಾ ಸೋಸುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಹದಿನೆಂಟು ತುಂಬಿದ ಮೇಲೆ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ ನಾನು, ಯಾರ್ಯಾರಿಗೋ ಓಟು ಹಾಕಿದ್ದೇನೆ. ಗೆಲ್ಲಲೇಬೇಕು ಅಂತ ಮನಸಾರೆ ಬಯಸಿದ್ದು ಜೀವಮಾನದಲ್ಲಿ ಒಬ್ಬಳನ್ನೇ, ಆಕೆಗೆ ಮಾತ್ರ ನಾನು ಹಾಕಲಿಲ್ಲ.