ತೆರೆಯ ಮೇಲೆ ಕುಂಟಿದ ದ್ರೌಪದಿ

ಶಹಾಬಾದಿನ ಸುಂದರಮ್ಮನಿಗೆ ತಂಗಿಯ ಮುಖ ಮರೆತುಹೋಗಿತ್ತು. ದ್ರೌಪದಿ ವಾಂತಿಭೇದಿಯಿಂದ ಸತ್ತಾಗ ಅಕ್ಕನಿಗೆ ಎಂಟು ವರ್ಷ, ತಂಗಿಗೆ ಆರು. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಖಣಿಯಲ್ಲಿ ಫರಸಿ ಕಲ್ಲು ಹೊತ್ತು ನಡು ಬಾಗಿ, ನಲವತ್ತು ದಾಟಿದ ಮೇಲೂ ಆಕೆ ಅದನ್ನೇ ಕೊರಗುತ್ತಿದ್ದಳು. ದನಿ ನೆನಪಿತ್ತು, ಜಗಳ ನೆನಪಿತ್ತು, ಮುಖ ಮಾತ್ರ ಇಲ್ಲ. ಕೇಳೋಣವೆಂದರೆ ತಾಯಿಯೂ ಎಂದೋ ಹೋಗಿಬಿಟ್ಟಿದ್ದಳು.

೧೯೬೨ರ ಬೇಸಿಗೆಯಲ್ಲಿ ವಾಡಿಯ ಮಜೀದಸಾಬ ಕೈಯಿಂದ ತಿರುವುವ ಸಿನೆಮಾ ಯಂತ್ರ ತಂದ. ಅವನ ಬಳಿ ಇದ್ದವೆಲ್ಲ ಹೈದರಾಬಾದಿನ ಗುಜರಿಯಲ್ಲಿ ಸಿಕ್ಕ ಹಳೆಯ ಮೂಕಿ ಚಿತ್ರಗಳು. ಖಾಲಿ ಗೋದಾಮಿನ ಬಾಗಿಲಿಗೆ ಗೋಣಿತಟ್ಟು ಕಟ್ಟಿ, ಮಟಮಟ ಮಧ್ಯಾಹ್ನವೇ ಕತ್ತಲೆ ಮಾಡಿ, ಬಿಳಿ ಧೋತರದ ಮೇಲೆ ಆಟ ಶುರುಮಾಡಿದ.

ರೈಲು ಬಂತು, ಕುದುರೆ ಓಡಿತು. ಆಮೇಲೆ ಕಲ್ಲಿನ ಗೋಡೆಯ ಮುಂದೆ ಕುಂಟೆಬಿಲ್ಲೆ ಆಡುವ ಹುಡುಗಿಯರು. ಸುಂದರಮ್ಮ ಕೂತಲ್ಲೇ ಮುಂದೆ ಬಾಗಿದಳು. ಅದು ತಮ್ಮದೇ ಓಣಿಯ ಗೋಡೆ. ನಿಜಾಮರ ಕಾಲದಲ್ಲಿ ಯಾರೋ ಬಿಳಿ ದೊರೆ ಮೂರು ಕಾಲಿನ ಪೆಟ್ಟಿಗೆ ನಿಲ್ಲಿಸಿ, ಆಡಿ ಎಂದು ಕೈಸನ್ನೆ ಮಾಡಿದ್ದು ಈಗ ನೆನಪಾಯಿತು. ಲಂಗದ ಅಂಚು ಹಲ್ಲಿನಲ್ಲಿ ಕಚ್ಚಿಕೊಂಡು ಕುಂಟುತ್ತಿದ್ದ ಪೋರಿ ಬೇರೆ ಯಾರೂ ಆಗಿರಲು ಸಾಧ್ಯವಿರಲಿಲ್ಲ; ಓಣಿಯಲ್ಲಿ ಹಾಗೆ ಆಡುತ್ತಿದ್ದವಳು ತಂಗಿ ಒಬ್ಬಳೇ.

"ನಮ್ಮ ದ್ರೌಪದಿ! ನಮ್ಮ ದ್ರೌಪದಿ ಆಡ್ಲಿಕತ್ತಾಳ!"

ಕೂಗುವಷ್ಟರಲ್ಲಿ ಚಿತ್ರ ಮುಗಿದಿತ್ತು.

ಜನ ಹೋದ ಮೇಲೆ ಆಕೆ ಮಜೀದಸಾಬನ ಮುಂದೆ ಕೂತು ಅತ್ತಳು. ಅವನು ಸುರುಳಿಯನ್ನು ಮತ್ತೆ ಏರಿಸಿದ. ಈ ಸಲ ಸುಂದರಮ್ಮ ಧೋತರದ ಹತ್ತಿರವೇ ನಿಂತಳು. ಆದರೆ ದ್ರೌಪದಿ ಒಂದು ಗಳಿಗೆ ಸುಮ್ಮನಿದ್ದರೆ ತಾನೆ? ಬಗ್ಗುವಳು, ತಿರುಗುವಳು, ಕೂದಲು ಮುಖಕ್ಕೆ ಬೀಳುವುದು.

"ಇಲ್ಲೇ ನಿಂದ್ರಸ್ರಿ ಸಾಬ್ರೆ, ಮಾರಿ ನೋಡ್ತೀನಿ."

"ನಿಂದ್ರಸಬಾರದವ್ವಾ. ಭಾಳ ಹಳೀದು ಅದ. ದೀಪದ ಝಳಕ್ಕ ಸುಟ್ಟ ಹೋಗ್ತದ."

"ಒಂದ ಸಲ. ನಿಮ್ಮ ಕಾಲಿಗಿ ಬೀಳ್ತೀನ್ರಿ."

ಅವನ ಕೈ ನಿಂತಿತು. ದ್ರೌಪದಿ ತಲೆಯೆತ್ತಿ ನೇರ ನೋಡುತ್ತಿದ್ದಳು. ಬಾಯಿಂದ ಲಂಗ ಜಾರಿತ್ತು, ನಗುತ್ತಿದ್ದಳು. ಸುಂದರಮ್ಮ ಕೈ ಚಾಚಿದಳು. ಅಷ್ಟರಲ್ಲೇ ಕೆನ್ನೆಯ ಮೇಲೆ ಕಂದು ಚುಕ್ಕೆಯೊಂದು ಮೂಡಿ, ಹಿಗ್ಗಿ, ಕಣ್ಣನ್ನೂ ನಗುವನ್ನೂ ತಿಂದುಹಾಕಿತು. ಭಗ್ಗನೆ ಬೆಂಕಿ ಹತ್ತಿತು. ಮಜೀದಸಾಬ "ಯಾ ಅಲ್ಲಾ" ಎನ್ನುತ್ತ ಸುರುಳಿ ಕಿತ್ತು ನೆಲಕ್ಕೆಸೆದ. ಮಣ್ಣು ಸುರಿದರೂ ಅದು ಪೂರ್ತಿ ಉರಿದೇ ತೀರಿತು.

"ಹೇಳಿದ್ನಲ್ಲವ್ವಾ..." ಎಂದ ಅವನು, ಬೈಯಲೂ ಆಗದೆ.

"ಹೌದ್ರಿ. ಹೇಳಿದ್ರಿ."

ಆಮೇಲೂ ಸುಂದರಮ್ಮ ಬಹಳ ವರ್ಷ ಬದುಕಿದಳು. ತಂಗಿಯನ್ನು ನೆನೆದಾಗಲೆಲ್ಲ ಆ ನಗುವ ಮುಖ ಕಣ್ಣಿಗೆ ಕಟ್ಟಿ, ಅದರ ಕೆನ್ನೆಯಿಂದಲೇ ಉರಿ ಹತ್ತುತ್ತಿತ್ತು. ಹಾಗಾಗಿ ನೆನೆಯುವುದನ್ನೇ ಬಿಡಲು ನೋಡಿದಳು, ಆಗಲಿಲ್ಲ. ಓಣಿಯ ಹುಡುಗಿಯರು ಕುಂಟೆಬಿಲ್ಲೆಗೆ ಗೆರೆ ಎಳೆದರೆ ಸಾಕು, ಒಳಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಮುದುಕಿಗೆ ಮಕ್ಕಳನ್ನು ಕಂಡರಾಗದು ಎಂದೇ ಅವರೆಲ್ಲ ತಿಳಿದಿದ್ದರು.