ಶೆಲ್ಫ್ ಖಾಲಿ ಮಾಡಿದವರು

ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದುದನ್ನು ನಾನು ನೋಡಿದ್ದು ಎರಡೇ ಸಲ. ಮಿಕ್ಕ ಹೊತ್ತೆಲ್ಲ ಅದು ಮೊಬೈಲಿನ ಗಾಜನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಿತ್ತು, ಷೇರುಗಳ ಹೊಸ ಬೆಲೆ ಕಾಣಲೆಂದು. ಭಾನುವಾರ ಪೇಟೆಗೆ ರಜೆ, ಬೆಲೆ ಅಲ್ಲಾಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎಳೆಯುತ್ತಿದ್ದರು. ಬೆಳಿಗ್ಗೆ ಪೂಜೆಯಲ್ಲಿ ಹಚ್ಚಿಕೊಂಡ ವಿಭೂತಿಯ ಪುಡಿ ಬೆರಳಿಗೆ ಅಂಟಿರುತ್ತಿತ್ತು. ಗಾಜಿನ ಮೇಲೆ ಬಿಳಿಯ ಗೀಟು ಮೂಡುತ್ತಿತ್ತು. ಅದನ್ನು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಎಳೆಯುತ್ತಿದ್ದರು.

ವೈಟ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಅವರನ್ನು ಅಧ್ಯಕ್ಷರು ಎನ್ನುತ್ತಿದ್ದರು. ಯಾವುದರ ಅಧ್ಯಕ್ಷರೂ ಅವರಾಗಿರಲಿಲ್ಲ. ಒಮ್ಮೆ ನಿವಾಸಿಗಳ ಸಂಘದ ಚುನಾವಣೆಗೆ ನಿಂತು ಸೋತಿದ್ದರು. ಗೆದ್ದವನ ಹೆಸರು ಯಾರಿಗೂ ನೆನಪಿಲ್ಲ, ಸೋತವರಿಗೆ ಬಿರುದು ಉಳಿಯಿತು. ದಾವಣಗೆರೆ ಕಡೆಯವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾಗಿ, ನಾನಿರುವ ಮಹಡಿಯಲ್ಲೇ ನನ್ನ ಎದುರು ಮನೆಗೆ ಬಂದಿದ್ದರು. ಕೂತಲ್ಲಿ ಕೂರುವ ಜನ ಅಲ್ಲ. ಲಿಫ್ಟ್ ಬರುವುದು ತಡವಾದರೆ ಮೆಟ್ಟಿಲಿಳಿಯಲು ಹೊರಡುವರು, ಅಷ್ಟರಲ್ಲಿ ಲಿಫ್ಟ್ ಬಂದರೆ ಅರ್ಧ ದಾರಿಯಿಂದ ಹತ್ತಿ ಬರುವರು. ಅವರ ಹೆಂಡತಿ, "ಇವರಿಗೆ ನಿದ್ದಿ ಬರೋದು ಬಸ್ಸಿನಾಗ ಮಾತ್ರ. ಯಾಕಂದ್ರ ಅದು ಓಡ್ತಿರ್ತೈತಿ," ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಅಧ್ಯಕ್ಷರು, ನಾನು, ಏಳನೇ ಮಹಡಿಯ ಇಂಜಿನಿಯರ್, ಮತ್ತು ವರ್ತೂರಿನ ಅಕ್ಕ. ಅಕ್ಕನ ಮನೆಯವರ ಹೊಲದ ಮೇಲೆಯೇ ನಮ್ಮ ಕಟ್ಟಡದ ಒಂದು ಭಾಗ ನಿಂತಿದೆ. ಅದಕ್ಕೆ ಬದಲಾಗಿ ಅವರಿಗೆ ಇಲ್ಲಿ ಫ್ಲ್ಯಾಟುಗಳು ಬಂದಿದ್ದವು. ಬಾಡಿಗೆಗೆ ಕೊಟ್ಟು, ತಾವು ವರ್ತೂರಿನ ಹಳೆ ಮನೆಯಲ್ಲೇ ಇದ್ದರು. ನಾವೆಲ್ಲ ನಮ್ಮ ನಮ್ಮ ಉಳಿತಾಯವನ್ನು ನಾವೇ ಷೇರುಗಳಲ್ಲಿ ಹಾಕುವವರು. ಒಬ್ಬರೇ ಹಾಕಲು ಹೆದರಿಕೆ, ಅದಕ್ಕೆ ಮಾತಾಡಿ ಹಾಕುತ್ತಿದ್ದೆವು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕಂಪನಿಯ ಮಾಲನ್ನು ಬಾಯಿಗಿಟ್ಟು ನೋಡದೆ, ಕೈಯಲ್ಲಿ ಹಿಡಿದು ನೋಡದೆ ಬೆಲೆಯ ಮಾತು ಎತ್ತುವ ಹಾಗಿಲ್ಲ. ಬಿಸ್ಕತ್ತಿನ ಕಂಪನಿಯಾದರೆ ಬಿಸ್ಕತ್ತು ತಿನ್ನಬೇಕು. ಬೀಗದ ಕಂಪನಿಯ ಚರ್ಚೆಯಾದಾಗ ಅಧ್ಯಕ್ಷರು ತಮ್ಮ ಬಚ್ಚಲುಮನೆಯ ಬಾಗಿಲಿಗೇ ಹೊಸ ಬೀಗ ಹಾಕಿಸಿ, ಒಳಗೆ ಸಿಕ್ಕಿಕೊಂಡಿದ್ದರು.

ಒಂದು ಭಾನುವಾರ ಇಂಜಿನಿಯರ್ ಹೊಸ ಕಂಪನಿಯೊಂದರ ಮಾತು ತಂದ. ಮದ್ಯಕ್ಕೆ ಬೆರೆಸಿಕೊಳ್ಳುವ ದುಬಾರಿ ಟಾನಿಕ್ ನೀರು, ಶುಂಠಿ ಸೋಡಾ ಮಾಡುವ ಕಂಪನಿ. ಪುಟ್ಟ ಗಾಜಿನ ಬಾಟಲಿ, ಚಂದದ ಚೀಟಿ. ಅಧ್ಯಕ್ಷರು ಹುಟ್ಟಿದಂದಿನಿಂದ ಹೆಂಡ ಮುಟ್ಟಿದವರಲ್ಲ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಪದ್ಧತಿ ಮುರಿಯದೆ ಬಾಟಲಿ ತರಿಸಿ, ಸ್ಟೀಲ್ ಲೋಟಗಳಿಗೆ ಬಗ್ಗಿಸಿ ಎಲ್ಲರ ಕೈಗೂ ಕೊಟ್ಟರು.

"ಬೇವಿನ್ ಸೊಪ್ಪು ಅರ್ದು ಸೋಡಕ್ಕೆ ಆಕವ್ರೆ," ಎಂದರು ಅಕ್ಕ, ಮುಖ ಕಿವುಚಿ.

"ಅಕ್ಕ, ಇದನ್ನ ಹಂಗೇ ಕುಡಿಯಲ್ಲ. ಜಿನ್‌ಗೆ ಹಾಕ್ಕೊಂಡು ಕುಡೀತಾರೆ," ಎಂದ ಇಂಜಿನಿಯರ್.

"ಉಪ್ಪಿನಕಾಯಿ ರುಚಿ ನೋಡಾಕ ಅನ್ನ ಬೇಕೇನೋ ತಮ್ಮಾ?" ಎಂದರು ಅಧ್ಯಕ್ಷರು. ಇನ್ನೊಂದು ಗುಟುಕು ಕುಡಿದರು. "ನಮ್ಮವ್ವ ಮಾಡೋ ಕಷಾಯ ಇದ್ದಂಗೈತಿ. ತಂಪಿಗೆ ಇಟ್ಟ ಕಷಾಯ."

ಅವರಿಗೆ ಅದರ ರುಚಿ ಹಿಡಿಯಿತು. ನಮಗೂ ಹಿಡಿಯಿತು. ಊಟವಾದ ಮೇಲೆ ಒಂದು ಬಾಟಲಿ, ನೆಂಟರು ಬಂದರೆ ಒಂದೊಂದು. ಅಕ್ಕ ಡ್ರೈವರನನ್ನು ಕಳಿಸಿ ಪೆಟ್ಟಿಗೆಗಟ್ಟಲೆ ತರಿಸತೊಡಗಿದರು. ವಾಯು ಇಳಿಯುತ್ತದೆ ಎಂದು ಅವರ ನಂಬಿಕೆ. ಅಧ್ಯಕ್ಷರ ಮನೆಯ ಒಣಕಸದ ಚೀಲದಲ್ಲಿ ಬಾಟಲಿಗಳ ಸದ್ದು ಕೇಳಿ, ಭಾನುವಾರ ಬೆಳಿಗ್ಗೆಯೇ ಅಲ್ಲಿ ಪಾರ್ಟಿ ನಡೆಯುತ್ತದೆ ಎಂದು ಕಟ್ಟಡದಲ್ಲಿ ಸುದ್ದಿಯಾಯಿತು. ಅವರ ಹೆಂಡತಿ ಸಿಟ್ಟಾದರು. ಅವರು ನಕ್ಕರು.

ಇಂಜಿನಿಯರ್ ಕಂಪನಿಯ ವರದಿಗಳನ್ನು ಓದಿ ಹೇಳುತ್ತಿದ್ದ. ಅಧ್ಯಕ್ಷರು ಕೇಳಿಸಿಕೊಂಡು ಕೊನೆಗೆ ತಮ್ಮ ಮಾತು ಆಡುತ್ತಿದ್ದರು: "ವರದಿ ಕಂಪನಿಯವರು ಬರೀತಾರ. ಶೆಲ್ಫ್ ಗಿರಾಕಿ ಬರೀತಾನ." ನಮ್ಮ ಕಟ್ಟಡದ ತಳಮಹಡಿಯಲ್ಲಿ ಒಂದು ಸಣ್ಣ ಸೂಪರ್ ಮಾರ್ಕೆಟ್ ಇದೆ. ಅವರು ದಿನಾ ಸಂಜೆ ಹೋಗಿ ಆ ಬಾಟಲಿಗಳ ಸಾಲನ್ನು ನೋಡಿ ಬರುತ್ತಿದ್ದರು. ಅಂಗಡಿಯವನನ್ನು ಏನೂ ಕೇಳಬಾರದು ಎಂಬುದು ಅವರದೇ ಇನ್ನೊಂದು ನಿಯಮ. "ಕೇಳಿದ್ರ ಅವ ನಮಗ ಹಿತ ಆಗೂದನ್ನ ಹೇಳ್ತಾನ. ಕಣ್ಣಿಂದ ನೋಡ್ಬೇಕು, ಬರ್ಬೇಕು." ಬರಿಗೈಯಲ್ಲಿ ಹೊರಡಲು ಸಂಕೋಚವಾಗಿ ಪ್ರತಿ ಸಲವೂ ಒಂದೆರಡು ಬಾಟಲಿ ಕೊಳ್ಳುತ್ತಿದ್ದರು.

ಸಾಲು ದಿನದಿನಕ್ಕೆ ಕರಗುತ್ತಿತ್ತು. ಅಂಗಡಿಯವನು ತುಂಬಿಸುತ್ತಿದ್ದ. ಮತ್ತೆ ಕರಗುತ್ತಿತ್ತು. ಒಂದು ಸಾಲಿದ್ದದ್ದು ಎರಡಾಯಿತು, ಮೂರಾಯಿತು.

"ಇಷ್ಟು ದೊಡ್ಡ ಕಟ್ಟಡ. ಎಲ್ಲಾ ಊರಿನ ಜನ ಅದಾರ. ಇಲ್ಲಿ ಹಿಂಗ ಖರ್ಚಾಗ್ತೈತಿ ಅಂದ್ರ ದೇಶದಾಗ ಹೆಂಗಿರಬೇಕು?" ಎಂದರು. ಅವರು ಕೊಂಡರು. ಇಂಜಿನಿಯರ್ ಕೊಂಡ. ನಾನೂ ಸ್ವಲ್ಪ ಕೊಂಡೆ.

ಅಕ್ಕ ಕೊಳ್ಳಲಿಲ್ಲ, ಕಾದರು. ಆಗಷ್ಟೇ ವರ್ತೂರು ಕೆರೆಯ ಹಿಂದಿನ ಸೊಪ್ಪಿನ ತೋಟವನ್ನು ಮಾರಿದ್ದರು. ಕೆರೆಯ ನೀರು ಕೆಟ್ಟು ಸೊಪ್ಪು ಕೊಳ್ಳುವವರಿಲ್ಲದೆ, ಕೊನೆಗೆ ಮನಸ್ಸು ಮಾಡಿ ಕೊಟ್ಟಿದ್ದರು. ಅವರ ಪಾಲಿಗೆ ಉಳಿದಿದ್ದ ಕೊನೆಯ ನೆಲ ಅದು. "ಅದ್ರ ದುಡ್ಡು ನಂಗೆ ಬರೀ ದುಡ್ಡಲ್ಲ ಕಣ್ರೀ ಅಧ್ಯಕ್ಷರೇ," ಎಂದು ಒಂದು ಭಾನುವಾರ ಹೇಳಿದರು. "ನೀವು ಆಕು ಅಂದ್ರೆ ಪೂರಾ ಆಕ್ಬಿಡ್ತೀನಿ. ಬ್ಯಾಡ ಅಂದ್ರೆ ಬ್ಯಾಡ. ನಂಗೆ ನಿಮ್ ಮಾತೊಂದೇ."

ಅಧ್ಯಕ್ಷರು ಸ್ವಲ್ಪ ಹೊತ್ತು ಬೆರಳಾಡಿಸಿದರು. "ಊರಿಗೆ ಹೋಗಿ ಬರ್ತೀನಿ. ಬಂದು ಶನಿವಾರ ಶೆಲ್ಫ್ ನೋಡ್ತೀನಿ. ಸೋಮವಾರ ಹಾಕೂಣಂತ," ಎಂದರು.

ಆ ವಾರ ಅವರು ಹೆಂಡತಿ ಸಮೇತ ದಾವಣಗೆರೆಗೆ ಹೋದರು. ಇಂಜಿನಿಯರ್ ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋದ. ನನಗೆ ಶುಕ್ರವಾರದವರೆಗೂ ಜ್ವರ. ಅಕ್ಕನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ. ಶನಿವಾರ ಸಂಜೆ ಅಧ್ಯಕ್ಷರು ಊರಿನಿಂದ ಬಂದವರು ಚೀಲವನ್ನು ಬಾಗಿಲಲ್ಲೇ ಇಟ್ಟು ನನ್ನನ್ನು ಕರೆದರು. "ಬಾರವ್ವ, ನೀನೂ ನೋಡುವಂತಿ."

ಮೂರು ಸಾಲೂ ತುಂಬಿತ್ತು. ಮುಂದಿನ ಬಾಟಲಿಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಅಂಗಡಿಯವನು ಗಲ್ಲಾದಿಂದಲೇ ಕೂಗಿದ. "ಏನ್ ಸಾರ್, ಎಲ್ಲೋಗ್ಬಿಟ್ರಿ? ಈ ವಾರ ನಿಮ್ ಕಡೆಯವ್ರು ಒಬ್ರೂ ಬಂದಿಲ್ಲ. ನಿಮ್ಮನ್ನ ನಂಬ್ಕೊಂಡು ಜಾಸ್ತಿ ಹಾಕಿಸ್ಕೊಂಡಿದೀನಿ."

ಅಧ್ಯಕ್ಷರು ಅಂದು ತಮ್ಮ ನಿಯಮವನ್ನು ಮುರಿದು ಕೇಳಿದರು. "ನಮ್ಮನ್ನ ಬಿಟ್ಟು ಬ್ಯಾರೆ ಯಾರ್ ಒಯ್ತಾರ?"

"ಯಾರೋ ಒಬ್ಬೊಬ್ರು ಸಾರ್. ಮಿಕ್ಕೋರೆಲ್ಲ ಮಾಮೂಲಿ ಸೋಡಾನೇ ಕೇಳೋದು. ಇದು ನಿಮ್ಗೋಸ್ಕರಾನೇ ತರ್ಸೋದು. ನೀವು, ಮೇಡಂ, ಏಳನೇ ಫ್ಲೋರ್ ಸಾರು, ಆಮೇಲೆ ವರ್ತೂರ್ ಅಕ್ಕನ ಡ್ರೈವರ್. ನೀವೇ ಸಾರ್ ನಮ್ ಬೆಸ್ಟ್ ಕಸ್ಟಮರ್ರು!"

ಆಗಲೇ ಮೊದಲ ಸಲ ಆ ಬೆರಳು ನಿಂತದ್ದನ್ನು ನಾನು ನೋಡಿದೆ. ಫೋನು ಕೈಯಲ್ಲಿತ್ತು, ಬೆರಳು ಗಾಜಿನ ಮೇಲಿತ್ತು, ಅಲ್ಲಾಡಲಿಲ್ಲ. ನನಗೆ ನಗು ಬಂತು. ಅವರ ಮುಖ ನೋಡಿ ನಿಲ್ಲಿಸಿದೆ.

"ಗಾಡಿ ತೆಗಿ ಅವ್ವ. ವರ್ತೂರಿಗೆ ಹೋಗೂಣು."

"ಫೋನ್ ಮಾಡಿದ್ರೆ ಆಯ್ತಲ್ಲ, ಅಂಕಲ್. ಸೋಮವಾರದವರೆಗೂ ಟೈಮಿದೆ."

"ನಂಬ್ಸಿದ್ದು ಎದುರಿಗೆ ಕುಂತು. ಬಿಡಿಸೂದೂ ಎದುರಿಗೆ ಕುಂತೇ ಆಗಬೇಕು."

ನನ್ನ ಸ್ಕೂಟರಿನ ಹಿಂದೆ ಕೂತು ಬಂದರು. ವರ್ತೂರು ರಸ್ತೆಯಲ್ಲಿ ಎಂದಿನಂತೆ ಕಂಪನಿ ಕ್ಯಾಬುಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಸಿಗ್ನಲ್ಲಿನಲ್ಲಿ ಇಳಿದು ಒಂದಿಷ್ಟು ದೂರ ನಡೆದೇ ಬಿಟ್ಟರು. ಮುಂದೆ ಹೋಗಿ ಹತ್ತಿಸಿಕೊಂಡೆ. ಕೆರೆಯ ವಾಸನೆ ಬಂದಾಗ ಮೂಗು ಮುಚ್ಚಿಕೊಳ್ಳಲಿಲ್ಲ. "ಏನಂತ ಹೇಳಲಿ?" ಎಂದು ಒಮ್ಮೆ ಕೇಳಿದರು. ನನ್ನನ್ನು ಕೇಳಿದ್ದಲ್ಲ ಎಂದು ಗಾಡಿ ಓಡಿಸಿದೆ.

ಅಕ್ಕ ಜಗುಲಿಯಲ್ಲಿ ಕೂತು ನಾಮಕರಣಕ್ಕೆ ಬಾಡಿಗೆಗೆ ತಂದಿದ್ದ ಪಾತ್ರೆಗಳನ್ನು ಎಣಿಸಿ ವಾಪಸು ಕೊಡುತ್ತಿದ್ದರು. ಅಧ್ಯಕ್ಷರು ಕಾಫಿ ಬೇಡ ಎಂದರು, ಕುರ್ಚಿ ಬೇಡ ಎಂದರು, ಆಮೇಲೆ ಕುರ್ಚಿಯಲ್ಲಿ ಕೂತರು.

"ಶೆಲ್ಫ್ ಖಾಲಿ ಮಾಡ್ತಿದ್ದೋರು ನಾವೇ ರೀ ಅಕ್ಕಾರ. ನಾವ್ ನಾಲ್ಕ್ ಮಂದಿ. ಬ್ಯಾರೆ ಯಾರೂ ಅಲ್ಲ."

ಅಕ್ಕನಿಗೆ ಮೊದಲು ತಿಳಿಯಲಿಲ್ಲ. ನಾನು ಅಂಗಡಿಯವನು ಹೇಳಿದ್ದನ್ನು ಹೇಳಿದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ಅಯ್ಯೋ ನಿಮ್ಮ! ನಾವೇ ಕುಡ್ದು ನಾವೇ ಲೆಕ್ಕ ಆಕ್ಕೊಂಡಿದ್ವಾ?" ಆಮೇಲೆ ನಗು ಇಳಿಯಿತು. ಮಾರಿಹೋದ ತೋಟದ ದಿಕ್ಕಿಗೆ ನೋಡಿದರು. ಅಲ್ಲಿ ಆಗಲೇ ತಗಡಿನ ಬೇಲಿ ಎದ್ದಿತ್ತು.

"ಅಂಗಾದ್ರೆ ಕಂಪ್ನಿ ಕೆಟ್ಟದ್ದಾ?"

"ಗೊತ್ತಿಲ್ಲ. ಒಳ್ಳೇದೂ ಇರಬಹುದು. ನಾ ಹೇಳಿದ ಕಾರಣ ಸುಳ್ಳು. ಅಷ್ಟು ಗೊತ್ತು. ನನ್ನ ಮಾತಿನ ಮ್ಯಾಲೆ ಹಾಕಬ್ಯಾಡ್ರಿ."

ಅಕ್ಕ ಹಾಕಲಿಲ್ಲ. ಆ ದುಡ್ಡಿನಲ್ಲಿ ಆನೇಕಲ್ಲಿನ ಆಚೆ ಒಂದು ತುಂಡು ನೆಲ ಕೊಂಡು ಸೊಪ್ಪು ಹಾಕಿದರು. ಅಧ್ಯಕ್ಷರು ಸೋಮವಾರವೇ ಆ ಕಂಪನಿಯ ತಮ್ಮ ಷೇರುಗಳನ್ನೆಲ್ಲ ಮಾರಿದರು. ಯಾಕೆ ಎಂದು ಕೇಳಿದ್ದಕ್ಕೆ, "ಅವರಿಗೆ ಬ್ಯಾಡಂತ ಹೇಳಿ ನಾ ಇಟ್ಕೊಂಡ್ರ ಅದೆಂಥಾ ಮಾತಾತು?" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಷೇರು ಏರತೊಡಗಿತು. ಇಂಜಿನಿಯರ್ ಮಾರಿರಲಿಲ್ಲ. "ನೋಡಿ ಸಾರ್, ಸಕ್ಕತ್ತಾಗಿ ಹೋಗ್ತಿದೆ. ಅಕ್ಕಂಗೆ ನೀವು ಇನ್ನೊಂದು ತೋಟದಷ್ಟು ಲಾಭ ತಪ್ಪಿಸಿಬಿಟ್ರಿ!" ಎಂದು ರೇಗಿಸುತ್ತಿದ್ದ. ಅವನಿಗೆ ಅದು ತಮಾಷೆ. ಅಧ್ಯಕ್ಷರು ಕೋಪಿಸಿಕೊಳ್ಳುತ್ತಿರಲಿಲ್ಲ. "ಏರಿದ್ರೂ ನಾ ಹೇಳಿದ್ದು ಸುಳ್ಳೇ ತಮ್ಮಾ. ಸುಳ್ಳು ಕಾರಣದಿಂದ ಬಂದ ಲಾಭ, ಕಣ್ಣು ಮುಚ್ಚಿ ರಸ್ತೆ ದಾಟಿದಂಗ. ದಾಟಿದ್ದು ಖರೆ. ಹಂಗಂತ ಮಕ್ಕಳಿಗೆ ಕಲಿಸಾಕ ಆಗ್ತೈತೇನು?"

ಮಾತು ಹೀಗಿದ್ದರೂ ಬೆರಳು ಮೊದಲಿಗಿಂತ ಜೋರಾಯಿತು. ತಮ್ಮದೊಂದು ಷೇರೂ ಇಲ್ಲದ ಆ ಕಂಪನಿಯ ಬೆಲೆಯನ್ನು ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಊಟದ ತಟ್ಟೆಯ ಮುಂದೆ ಎಳೆದೆಳೆದು ನೋಡುತ್ತಿದ್ದರು. ನನಗೆ ಅದು ಅರ್ಥವಾಗಿರಲಿಲ್ಲ. ಚಟ ಅಂದುಕೊಂಡಿದ್ದೆ.

ಎರಡನೆಯ ಸಲ ಬೆರಳು ನಿಂತದ್ದು ಒಂದು ಭಾನುವಾರ. ಕಂಡಷ್ಟನ್ನೇ ಬರೆಯುತ್ತೇನೆ. ಅವರ ಹೆಂಡತಿ ಒಳಗೆ ಒಗ್ಗರಣೆ ಹಾಕುತ್ತಿದ್ದರು. ಅಕ್ಕ ತೋಟದಿಂದ ದಂಟಿನ ಸೊಪ್ಪು ತಂದು ಮೇಜಿನ ಮೇಲೆ ಇಟ್ಟಿದ್ದರು. ಇಂಜಿನಿಯರ್ ಇನ್ನೂ ಬಂದಿರಲಿಲ್ಲ. ಅಧ್ಯಕ್ಷರು ಲೋಟಗಳನ್ನು ತಂದಿಟ್ಟು, "ಕುಂದರ್ರಿ, ಕುಂದರ್ರಿ," ಎನ್ನುತ್ತ ತಾವು ಕೂತರು. ಫೋನು ತೆಗೆದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಅಕ್ಕನ ದನಿ ಕೇಳಿ ತಿರುಗಿದೆ.

"ಅಧ್ಯಕ್ಷರೇ, ಬೆಳ್ಳು ಯಾಕೆ ನಿಲ್ಸಿದ್ರಿ?"

ತಲೆ ಸ್ವಲ್ಪ ವಾಲಿತ್ತು. ಓದುತ್ತಿರುವವರ ಹಾಗೆಯೇ ಇದ್ದರು. ಆಂಬುಲೆನ್ಸ್ ಬೇಗನೆ ಬಂತು, ರಸ್ತೆಯೂ ಅಂದು ಖಾಲಿಯಿತ್ತು. ಏನೂ ಉಪಯೋಗವಾಗಲಿಲ್ಲ.

ದಾವಣಗೆರೆಯ ಹತ್ತಿರ ಅವರ ಊರಿನಲ್ಲಿ ಮಣ್ಣು ಮಾಡಿದರು. ಅವರ ಸಂಪ್ರದಾಯದಂತೆ ಕೂತ ಭಂಗಿಯಲ್ಲಿ ಇಳಿಸಿದರು. ಬದುಕಿರುವಾಗ ಅಷ್ಟು ಹೊತ್ತು ಅವರು ಒಂದೆಡೆ ಕೂತದ್ದನ್ನು ನಾನು ನೋಡಿರಲಿಲ್ಲ. ವಿಭೂತಿ, ಬಿಲ್ವಪತ್ರೆ ಹಾಕಿದರು. ಅಕ್ಕ ನನ್ನ ಮೊಣಕೈ ಹಿಡಿದುಕೊಂಡು ನಿಂತಿದ್ದರು.

ಹೊರಡುವ ಮುಂಚೆ ಅವರ ಹೆಂಡತಿ ನಮ್ಮ ಹತ್ತಿರ ಬಂದು ಕೂತರು. "ಎಲ್ಲಾ ಮಾರಿದ್ರಂತಲ್ಲ ಆ ಸೋಡಾ ಕಂಪನಿ ಷೇರನ್ನ. ಮತ್ತ್ಯಾಕ ದಿನಾ ನೋಡ್ತಿದ್ರು? ಇಂಜಿನಿಯರ್ ತಮ್ಮನ್ನ ಕೇಳಿದೆ, ಅವನಿಗೂ ಗೊತ್ತಿಲ್ಲಂತ."

ನನಗೂ ಗೊತ್ತಿರಲಿಲ್ಲ. ಅಕ್ಕ ಹೇಳಿದರು.

"ನಾನು ಆಕಿದ್ರೆ ಎಷ್ಟಾಗಿರೋದು ಅಂತ, ನನ್ ಪಾಲಿಂದು ಅವ್ರು ನೋಡೋರು ಕಣಮ್ಮ. ನಾನು ಒಂದಿನಾನೂ ನೋಡಿಲ್ಲ, ನಂಗ್ಯಾಕೆ ಅದು. ಏರಿದ್ ವಾರ ಅವ್ರು ನನ್ ಮಕಾನೇ ನೋಡ್ತಿರ್ಲಿಲ್ಲ. ಇಳ್ದಿದ್ ವಾರ ಮಾತ್ರ, 'ಸೊಪ್ಪು ಹೆಂಗ್ ಬಂತ್ರಿ ಅಕ್ಕಾರ?' ಅಂತ ಕೇಳೋರು. ನಂಗೆ ಅದ್ರಲ್ಲೇ ಗೊತ್ತಾಗೋದು, ಈ ವಾರ ಕಂಪ್ನಿ ಇಳ್ದೈತೆ ಅಂತ." ಮತ್ತೆ ಹೇಳಿದರು: "ಒಂದ್ಸಲ ಏಳ್ಬೇಕಿತ್ತು ನಾನು. ಬಿಡ್ರೀ, ನೆಲ ಐತೆ, ಸೊಪ್ಪು ಬತ್ತೈತೆ ಅಂತ. ಗೊತ್ತಿರ್ತೈತೆ ಅನ್ಕೊಂಡೆ."

ಭಾನುವಾರಗಳು ಈಗ ಇಲ್ಲ. ಇಂಜಿನಿಯರ್ ಬೇರೆ ಕಡೆಗೆ ಮನೆ ಬದಲಿಸಿದ. ಅಕ್ಕ ಮಾತ್ರ ಶನಿವಾರ ಬಂದು ಎದುರು ಮನೆಗೊಂದು, ನಮ್ಮ ಮನೆಗೊಂದು ಕಟ್ಟು ಸೊಪ್ಪು ಕೊಟ್ಟು ಹೋಗುತ್ತಾರೆ. ನನ್ನ ಕೆಲಸದಲ್ಲಿ, ಮನೆಯಲ್ಲಿ, ಯಾವುದಾದರೂ ಖಂಡಿತ ಹೀಗೇ ಎಂದು ಅನ್ನಿಸಿದಾಗ ನಾನು ಒಂದು ನಿಮಿಷ ನಿಲ್ಲುತ್ತೇನೆ. ಇದನ್ನು ಹೀಗೆ ಮಾಡಿಟ್ಟಿದ್ದು ನಾನೇ ಇರಬಹುದೇ ಎಂದು ಕೇಳಿಕೊಳ್ಳುತ್ತೇನೆ. ಇದು ಅವರು ಕೊಟ್ಟದ್ದು. ಇದರಿಂದ ನೆಮ್ಮದಿ ಸಿಗುವುದಿಲ್ಲ, ನಿದ್ದೆಯೂ ಕಡಿಮೆಯಾಗಿದೆ.

ಕೆಲವು ಸಂಜೆ ತಳಮಹಡಿಯ ಅಂಗಡಿಗೆ ಹೋಗುತ್ತೇನೆ. ಈಗ ಒಂದೇ ಸಾಲು ಇಟ್ಟಿದ್ದಾನೆ. "ಏನ್ ಮೇಡಂ, ತಗೊಳಲ್ವಾ?" ಎಂದು ಕೇಳುತ್ತಾನೆ. ಆ ಕಹಿಗೆ ನಾಲಿಗೆ ಇನ್ನೂ ಆಸೆಪಡುತ್ತದೆ. ಕೈ ಕಟ್ಟಿಕೊಂಡು ನೋಡುತ್ತ ನಿಲ್ಲುತ್ತೇನೆ. ಒಂದನ್ನೂ ಮುಟ್ಟದೆ ಬರುತ್ತೇನೆ.