ಚಿಲಕಮ್ಮನಿಗೊಂದು ಭಾನುವಾರ

ಆ ಮನೆಯ ಕಾರಿಗೆ ಬಾಗಿಲು ನಾಲ್ಕು, ಚಿಲಕ ಮೂರು. ನಾಲ್ಕನೆಯ ಚಿಲಕ ಮನೆಯ ಸೊಸೆ. ಹಿಂದಿನ ಎಡಬಾಗಿಲನ್ನು ಎಷ್ಟು ಜೋರಾಗಿ ಹಾಕಿದರೂ ‘ಧಬ್’ ಎಂದು ಹೋಗಿ ಅಷ್ಟೇ ಜೋರಾಗಿ ವಾಪಸು ಬರುತ್ತಿತ್ತು. ಹಾಗಾಗಿ ಕಾರು ಹೊರಟಾಗಲೆಲ್ಲ ಅವಳು ಅದರ ಪಕ್ಕ ಕೂತು, ಒಳಗಿನ ಹಿಡಿಯನ್ನು ಎಡಗೈಯಲ್ಲಿ ಎಳೆದು ಹಿಡಿಯಬೇಕು. ತಿರುವು ಬಂದರೆ ಎರಡೂ ಕೈ. ಮಕ್ಕಳು ತಮಾಷೆಗೆ ಚಿಲಕಮ್ಮ ಅಂದರು, ಅದು ಅತ್ತೆಯ ಬಾಯಲ್ಲೂ ನಿಂತುಬಿಟ್ಟಿತು.

ರಿಪೇರಿಯ ಮಾತೆತ್ತಿದರೆ ಗಂಡ, “ಈ ಭಾನುವಾರ ನೋಡೋಣ” ಅನ್ನುತ್ತಿದ್ದ. ಅವನ ಕಡೆಯ ಬಾಗಿಲು ಒಂದೇ ಬೆರಳಿಗೆ ಬೆಣ್ಣೆಯ ಹಾಗೆ ತೆರೆಯುತ್ತಿತ್ತು, ಅವನಿಗೇನು ಅವಸರ?

ಚಿಲಕಮ್ಮನಿಗೆ ಬೇಕಾಗಿದ್ದದ್ದು ಬೇರೆಯೇ ಭಾನುವಾರ. ಭಾವ ಹೊಸ ಮನೆಗೆ ಹೋಗಿದ್ದರು. ಸಾಮಾನು ಜೋಡಿಸಲು ಎಲ್ಲರೂ ಬನ್ನಿ ಎಂದು ಕರೆದಿದ್ದರು. ಎಲ್ಲರೂ ಹೋದರೆ ಮನೆ ಖಾಲಿ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಒಂದು ಇಡೀ ದಿನ ಅವಳು ಒಬ್ಬಳೇ ಇದ್ದದ್ದಿಲ್ಲ. ಇದ್ದು ಏನು ಮಾಡುತ್ತೀಯಾ ಎಂದರೆ, ಏನೂ ಇಲ್ಲ. ಏನೂ ಮಾಡದೆ ಇರುವುದಕ್ಕೇ ಅವಳಿಗೆ ಮನೆ ಬೇಕಿತ್ತು.

“ರೀ, ನಂಗ್ಯಾಕೋ ತಲೆನೋವು. ಭಾನುವಾರ ನೀವೆಲ್ಲ ಹೋಗ್ಬನ್ನಿ,” ಎಂದು ಬುಧವಾರವೇ ಪೀಠಿಕೆ ಹಾಕಿದಳು.

“ಬಾಗಿಲು ಹಿಡಿಯೋದು ಕೈಯಲ್ಲಿ ಅಲ್ವೇನೇ? ತಲೆ ಪಾಡಿಗೆ ತಲೆ ನೋಯ್ಲಿ ಬಿಡು.”

“ಹಗ್ಗದಲ್ಲಿ ಕಟ್ಟಿದ್ರಾಯ್ತು.”

“ಹಗ್ಗ ಕಟ್ಕೊಂಡು ಓಡಾಡಿದ್ರೆ ನೋಡಿದೋರು ಏನಂತಾರೆ?”

ಹಗ್ಗ ಕಟ್ಟಿದರೆ ಮರ್ಯಾದೆ ಹೋಗುತ್ತದೆ, ಹೆಂಡತಿಯನ್ನು ಕಟ್ಟಿದರೆ ಹೋಗುವುದಿಲ್ಲ. ಮಾರನೆಯ ದಿನ ಅವಳು, ತಾನು ಕೆಲಸ ಮಾಡುವ ಬಟ್ಟೆ ಅಂಗಡಿಯಿಂದ ಊಟದ ಬಿಡುವಿನಲ್ಲಿ ಎದುರಿನ ಗ್ಯಾರೇಜಿಗೆ ನುಗ್ಗಿದಳು.

“ಗಾಡಿ ಎಲ್ಲಕ್ಕಾ?” ಅಂದ ಮೆಕ್ಯಾನಿಕ್.

“ಗಾಡಿ ಯಜಮಾನರ ಹತ್ರ. ನಾನೇ ಬಾಗಿಲು ಅಂದ್ಕೊಳ್ಳಿ,” ಎಂದು ಮೊಣಕೈ ಮಡಚಿ, ಧಬ್ ಎಂದು ಹೋಗಿ ಧಬ್ ಎಂದು ವಾಪಸು ಬರುವುದನ್ನು ಮಾಡಿ ತೋರಿಸಿದಳು.

ಅವನು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. “ಕಚ್ತಾ ಇಲ್ಲ ಅದು. ಬಾಗಿಲ ಅಂಚಲ್ಲಿ ಏಡಿ ಕೊಂಡಿ ಥರ ಒಂದು ಕೊಕ್ಕೆ ಇರತ್ತೆ, ಕೊಳೆ ಕೂತು ಹಿಡ್ಕೊಂಡಿರತ್ತೆ. ಸೀಮೆಎಣ್ಣೆ ಬಿಟ್ಟು ತಿಕ್ಕಿ, ಆಮೇಲೆ ಎಣ್ಣೆ ಹಾಕಿ. ಸ್ಕ್ರೂಡ್ರೈವರಲ್ಲಿ ಒತ್ತಿ ನೋಡಿ, ತಿರುಗ್ಬೇಕು. ತಿರುಗಿ ಮುಚ್ಕೊಂಡ್ರೆ ಹೊರಗಿನ ಹಿಡಿ ಎಳೀರಿ, ಬಿಟ್ಕೊಳತ್ತೆ. ಅದನ್ನ ಮರೆತು ಬಾಗಿಲು ಹಾಕೋಕೆ ಹೋಗ್ಬೇಡಿ ಮತ್ತೆ.”

ಶನಿವಾರ ಸಂಜೆ ಅವಳು ಬಕೆಟ್ಟು, ಬಟ್ಟೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕಾರು ತೊಳೆಯುವ ನೆಪದಲ್ಲಿ ಹೊರಗೆ ಬಂದಳು. ಕೈಯಲ್ಲಿ ಬಕೆಟ್ಟಿರುವ ಹೆಂಗಸಿನ ಹತ್ತಿರ ಮನೆಮಂದಿ ಯಾರೂ ಸುಳಿಯುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಳಿದರೆ ಎಲ್ಲಿ ಒಂದು ಬಟ್ಟೆ ತಮ್ಮ ಕೈಗೂ ಬರುತ್ತದೋ ಎಂಬ ಭಯ. ಗಂಡ ಕಿಟಕಿಯಿಂದ ಇಣುಕಿ, ಬಕೆಟ್ಟು ಕಂಡದ್ದೇ ಮಾಯವಾದ.

ಕೊಕ್ಕೆಯ ಬಾಯಲ್ಲಿ ಧೂಳು, ಕೂದಲು, ಕಲ್ಲಾಗಿ ಹೋಗಿದ್ದ ಯಾವುದೋ ಕಾಲದ ಚಾಕಲೇಟು. ಸೀಮೆಎಣ್ಣೆ ಬಿಟ್ಟು ತಿಕ್ಕಿದಳು, ಒರೆಸಿದಳು, ಮತ್ತೆ ತಿಕ್ಕಿದಳು. ಸ್ಕ್ರೂಡ್ರೈವರಿನಲ್ಲಿ ಒತ್ತಿದಾಗ ಕೊಕ್ಕೆ ‘ಟಕ್’ ಎಂದು ತಿರುಗಿತು. ಅಯ್ಯೋ, ತಿರುಗಿತು! ಸಂಭ್ರಮದಲ್ಲಿ ಮೆಕ್ಯಾನಿಕ್ ಹೇಳಿದ್ದೆಲ್ಲ ಮರೆತು ಬಾಗಿಲನ್ನು ಬೀಸಿ ಹಾಕಿದಳು. ಕಬ್ಬಿಣಕ್ಕೆ ಕಬ್ಬಿಣ ಬಡಿದು ಬಾಗಿಲು ಅವಳ ಮೊಣಕಾಲಿಗೇ ಒದೆಯಿತು. “ನಿನ್ನ ಮನೆ ಹಾಳಾಗ,” ಎಂದು ಕುಂಟುತ್ತಾ ಹೊರಗಿನ ಹಿಡಿ ಎಳೆದಳು. ಕೊಕ್ಕೆ ಬಾಯಿ ಬಿಟ್ಟಿತು. ಎರಡು ಹನಿ ಎಣ್ಣೆ ಹಾಕಿ, ಈ ಸಲ ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ ಬಾಗಿಲು ತಳ್ಳಿದಳು.

ಟಪ್. ಕೂತುಬಿಟ್ಟಿತು.

ತೆಗೆದಳು, ಹಾಕಿದಳು. ಟಪ್. ಮತ್ತೆ ತೆಗೆದಳು, ಸೊಂಟದಲ್ಲಿ ತಳ್ಳಿದಳು, ಒಂದು ಕಿರುಬೆರಳಲ್ಲಿ ತಳ್ಳಿದಳು. ಟಪ್, ಟಪ್. ನಗು ತಡೆಯಲಾಗದೆ ಕಾರಿಗೆ ಒರಗಿ ನಿಂತಳು. ಮೇಲಿನ ಮಹಡಿಯ ಹೆಂಗಸು ಬಗ್ಗಿ ಕೇಳಿದಳು: “ಯಾರ ಮೇಲಮ್ಮ ಅಷ್ಟು ಸಿಟ್ಟು?”

“ಸಿಟ್ಟಲ್ಲ ರೀ, ಖುಷಿ!”

ಭಾನುವಾರ ಬೆಳಿಗ್ಗೆ ಎಲ್ಲರೂ ಕಾರಿನ ಬಳಿ ಸೇರಿದರು. ಮಗ ಮುಂದೆ, ಮಗಳು ಹಿಂದೆ, ನಡುವೆ ಡಬ್ಬಗಳ ಗೋಪುರ. ಚಿಲಕಮ್ಮ ಅತ್ತೆಯನ್ನು ತನ್ನ ಜಾಗದಲ್ಲಿ ಕೂರಿಸಿ, ಹೊರಗೇ ನಿಂತು ಕಿರುಬೆರಳಲ್ಲಿ ಬಾಗಿಲು ಹಾಕಿದಳು. ಗಂಡನ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಸರಿಹೋಯ್ತಾ? ಯಾರು ಮಾಡಿದ್ದು?”

“ತೊಳೆದೆ, ಸರಿಹೋಯ್ತು. ಹಿಡಿಯೋಕೆ ಏನೂ ಇಲ್ದ ಮೇಲೆ ನಾನ್ಯಾಕೆ?”

“ಅಲ್ಲಿ ಅಡುಗೆಗೆ?”

“ನಿಮ್ಮಣ್ಣನ ಮನೇಲಿ ಒಲೆ ಇಲ್ವಾ, ನಿಮ್ಮಣ್ಣನಿಗೆ ಕೈ ಇಲ್ವಾ?”

ಗಂಡ ಇನ್ನೇನೋ ಹೇಳುವಷ್ಟರಲ್ಲಿ ಒಳಗಿನಿಂದ ಅತ್ತೆ ಗದರಿದರು: “ಅವಳನ್ನ ಹತ್ತಿಸ್ಬೇಡ ಕಣೋ! ಈ ಕಾರಲ್ಲಿ ಇವತ್ತು ಮೊದಲನೇ ಸಲ ಕಾಲು ಚಾಚ್ಕೊಂಡು ಕೂತಿದ್ದೀನಿ. ಹೊರಡು ಹೊರಡು.”

ಕಾರು ಬೀದಿ ತಿರುಗಿತು. ಮನೆಯೊಳಗೆ ಬಂದರೆ ಎಂಥ ಮೌನ! ಅವಳು ಹಜಾರದಲ್ಲಿ ಬುಗುರಿಯ ಹಾಗೆ ಒಂದು ಸುತ್ತು ತಿರುಗಿದಳು. ಅರ್ಧ ಗಂಟೆಯಾಗಿತ್ತೇನೋ, ಫೋನು.

“ಏನೇ ಮಾಡಿದೀಯಾ ಬಾಗಿಲಿಗೆ? ಒಳಗಿಂದ ತೆಗೀತಾನೇ ಇಲ್ಲ! ಪೆಟ್ರೋಲ್ ಬಂಕಲ್ಲಿ ನಿಲ್ಸಿದೀವಿ, ಅಮ್ಮನಿಗೆ ಅರ್ಜೆಂಟು, ಈ ಡಬ್ಬ ದಾಟ್ಕೊಂಡು ಇಳಿಯೋಕಾಗಲ್ಲ. ವಾಪಸ್ ಬಂದ್ಬಿಡ್ತೀವಿ.”

ವಾಪಸಾ? ನಿನ್ನೆ ತಿಕ್ಕುವಾಗ ಬಾಗಿಲಂಚಿನ ಪುಟ್ಟ ಗುಂಡಿಯೊಂದು ಬ್ರಷ್ಷಿಗೆ ಸಿಕ್ಕಿ ಕೆಳಕ್ಕೆ ಜಾರಿದ್ದು ನೆನಪಾಯಿತು. ಚಿಕ್ಕ ಮಕ್ಕಳು ಒಳಗಿನಿಂದ ಬಾಗಿಲು ತೆಗೆಯದ ಹಾಗೆ ಇಟ್ಟಿರುವ ಗುಂಡಿ ಅದು.

“ಕೆಟ್ಟಿಲ್ಲ ರೀ. ನೀವು ಇಳಿದು ಹೋಗಿ ಹೊರಗಿಂದ ಹಿಡಿ ಎಳೀರಿ.”

“ನಾನಾ?”

“ಇನ್ಯಾರು?”

“ಅಂದ್ರೆ ಅಮ್ಮ ಇಳಿಯೋವಾಗೆಲ್ಲ ನಾನೇ ಇಳಿದು...”

“ಇವತ್ತಿಗೆ ಹಾಗೇ.”

ಹಿಂದಿನಿಂದ ಮಗಳ ಕೇಕೆ ಕೇಳಿಸಿತು: “ಅಪ್ಪ ಚಿಲಕಪ್ಪ!” ಆಮೇಲೆ ಬಾಗಿಲು ತೆರೆದ ಸದ್ದು, ಅತ್ತೆಯ “ಸರಿಯೋ, ಸರಿಯೋ” ಎಂಬ ಧಾವಂತ. ಗುಂಡಿ ಎಲ್ಲಿದೆ, ಹೇಗೆ ಮೇಲಕ್ಕೆ ತಳ್ಳಬೇಕು ಎಂದು ಹೇಳಬಹುದಿತ್ತು. ಸಂಜೆ ಹೇಳಿದರಾಯಿತು ಎಂದುಕೊಂಡು ಅವಳು ಫೋನನ್ನು ಅಕ್ಕಿಡಬ್ಬದೊಳಗೆ ಇಟ್ಟು ಮುಚ್ಚಿದಳು.

ಆಮೇಲೆ ಕೋಣೆಗೆ ಹೋಗಿ ದೊಡ್ಡ ಮಂಚದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ, ಗಂಡನ ದಿಂಬಿನ ಮೇಲೆ ಕಾಲು ಹಾಕಿ, ಎರಡೂ ಕೈ ಚೆಲ್ಲಿ ಮಲಗಿದಳು. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆಗಳಿದ್ದವು. ಇರಲಿ ಬಿಡಿ.